ಎರಡೂ ಕಾಲು ಮುಟ್ಟಿ ನೋಡುತ್ತಿದ್ದ ದ್ಯಾಮಕ್ಕ

ದ್ಯಾಮಕ್ಕನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ. ನಮ್ಮ ಕಡೆಯ ದೈಹಿಕ ಶಿಕ್ಷಕರಿಗೆಲ್ಲ ಅವಳ ಬಗ್ಗೆ ಗೊತ್ತಿರುವುದು ಒಂದೇ ಸಂಗತಿ. ಆ ಒಂದೂ ಸುಳ್ಳು. ಆ ಸುಳ್ಳನ್ನು ಹಬ್ಬಿಸಿದವನು ನಾನು.

ನನ್ನ ಹೆಸರು ಗುರುಬಸವರಾಜ. ಕೊಟ್ಟೂರಿನ ಮಗ್ಗುಲಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಪಿ.ಟಿ. ಮಾಸ್ತರು. ಕೊರಳಲ್ಲಿ ಸೀಟಿ, ಮೂಗಿನ ತುದಿಯಲ್ಲಿ ಸಿಟ್ಟು, ಇವೆರಡೇ ನನ್ನ ಆಸ್ತಿ. ಹುಡುಗಿಯರ ಖೋ-ಖೋ ತಂಡ ಕಟ್ಟಿದ್ದೇನೆ ಎಂಬ ಹಮ್ಮು ಬೇರೆ. ಅಷ್ಟು ವರ್ಷವಾದರೂ ನನ್ನ ಒಬ್ಬ ಹುಡುಗಿಯೂ ರಾಜ್ಯ ತಂಡಕ್ಕೆ ಹೋಗಿರಲಿಲ್ಲ. ಅದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ನೆಟ್ಟು ಕೂತಿತ್ತು.

ನಮ್ಮ ಆಟದ ಬಯಲಿನ ಮೂಡಣ ಬೇಲಿಗೆ ಹತ್ತಿಕೊಂಡೇ ದ್ಯಾಮಕ್ಕನ ಕುರಿಹಟ್ಟಿ. ಗಂಡ ಕರಿಸಿದ್ದಪ್ಪ ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಮಾಗಳದ ಕಡೆ, ಹೊಳೆ ದಂಡೆಗೆ ಹೋದರೆ ಮುಂಗಾರಿಗೇ ತಿರುಗಿ ಬರುವುದು. ಮರಿಗಳು, ಗಬ್ಬದ ಕುರಿಗಳು, ಕುಂಟುವವು ದ್ಯಾಮಕ್ಕನ ಪಾಲಿಗೆ. ಬೆಳಿಗ್ಗೆ ಹಟ್ಟಿಯ ಬಾಗಿಲು ತೆಗೆದು ಒಂದೊಂದನ್ನೇ ಹೊರಗೆ ಬಿಡುವಾಗ ಬಗ್ಗಿ ಅವುಗಳ ಕಾಲು ಮುಟ್ಟಿ ನೋಡುತ್ತಿದ್ದಳು. ಹದಿನೆಂಟು ವರ್ಷದ ಹಿಂದೆ ನಾನು ಅದನ್ನು ನೋಡಿ, ಕುರಿಗೆ ನಮಸ್ಕಾರ ಮಾಡುತ್ತಾಳೆ ಎಂದು ಹುಡುಗಿಯರ ಮುಂದೆ ಗೇಲಿ ಮಾಡಿದ್ದೂ ಉಂಟು.

ಆ ವರ್ಷವೇ ಎರ್ರೆಮ್ಮ ಎಂಬ ಹುಡುಗಿ ಓಡುತ್ತ ಓಡುತ್ತ ಕುಂಟತೊಡಗಿದಳು. ನಾನು ಸೀಟಿ ಊದಿ ಕೂಗಿದೆ. "ಲೇ, ನಾಟಕ ಮಾಡಬ್ಯಾಡ! ಓಡು!"

ಬೇಲಿಯ ಆಚೆಯಿಂದ ದನಿ ಬಂತು. "ಮಾಸ್ತರ, ಕುರಿ ಸುಳ್ಳ ಸುಳ್ಳ ಕುಂಟಂಗಿಲ್ಲ. ಹುಡುಗಿ ಯಾಕ ಕುಂಟ್ಯಾಳು?"

ಹಾಗೆಂದವಳೇ ಬೇಲಿ ಸಂದಿಯಲ್ಲಿ ತೂರಿ ಬಂದು, ಕೈಯನ್ನು ಸೀರೆಗೆ ಒರೆಸಿಕೊಂಡು, ಎರ್ರೆಮ್ಮನನ್ನು ಕೂರಿಸಿದಳು. ಅಂಗೈಯಿಂದ ಮುಟ್ಟಲಿಲ್ಲ. ಕೈ ಮಗುಚಿ ಹಿಂಬದಿಯನ್ನು ಮೊದಲು ಒಂದು ಕಾಲಿನ ಹರಡಿಗೆ, ಪಾದದ ಮೇಲಿನ ಗಂಟಿಗೆ, ಆಮೇಲೆ ಇನ್ನೊಂದು ಹರಡಿಗೆ ಇಟ್ಟಳು. "ಅಂಗೈ ಕಲ್ಲಾಗಿರತೈತ್ರಿ ಮಾಸ್ತರ, ಅದಕ್ಕ ಏನೂ ತಿಳಿಯಂಗಿಲ್ಲ. ಮತ್ತ ಒಂದ ಕಾಲು ಮುಟ್ಟಿದ್ರ ಏನೂ ಗೊತ್ತಾಗಂಗಿಲ್ಲ. ಎರಡೂ ಮುಟ್ಟಬೇಕು. ಎಡಕ್ಕ ಬಲ ಸಾಕ್ಷಿ, ಬಲಕ್ಕ ಎಡ ಸಾಕ್ಷಿ. ನೋಡ್ರಿ, ಈ ಕಾಲು ಸುಡಾಕತ್ತೈತಿ."

ನಾನು ಮುಟ್ಟಿ ನೋಡಿದೆ. ನನಗೆ ಎರಡೂ ಒಂದೇ ಅನ್ನಿಸಿತು. ಮರುದಿನ ಎರ್ರೆಮ್ಮನ ಆ ಹರಡು ಕುಂಬಳದಂತೆ ಬಾತುಕೊಂಡಿತು.

ಅಂದಿನಿಂದ ದ್ಯಾಮಕ್ಕ ನಮ್ಮ ತಂಡದವಳೇ ಆದಳು. ಸಂಜೆ ಆಟ ಮುಗಿದ ಮೇಲೆ ಹುಡುಗಿಯರು ಬೇಲಿಯ ಬುಡದಲ್ಲಿ ಸಾಲಾಗಿ ಕಾಲು ಚಾಚಿ ಕೂರುತ್ತಿದ್ದರು. ಅವಳು ಔಡಲ ಎಣ್ಣೆಯ ಬಾಟಲಿ ಹಿಡಿದು ಬರುತ್ತಿದ್ದಳು. ನೋವು ಒಂದೇ ಕಾಲಿಗಿದ್ದರೂ ತಿಕ್ಕುವುದು ಎರಡಕ್ಕೂ. "ಒಂದಕ್ಕ ತಿಕ್ಕಿ ಒಂದಕ್ಕ ಬಿಟ್ರ ಅದಕ್ಕ ಹೊಟ್ಟಿಕಿಚ್ಚಾಗತೈತಿ" ಎನ್ನುವಳು. ಹುಡುಗಿಯರು ಕಿಲಕಿಲ ನಗುವರು. ಅವಳಿಗೆ ಮಕ್ಕಳಿರಲಿಲ್ಲ. ನನ್ನ ಬೈಗುಳ ತಿಂದು ಬಂದ ಹುಡುಗಿಯರ ಅಳು ನಿಲ್ಲುತ್ತಿದ್ದದ್ದು ಅಲ್ಲೇ.

ನಾಲ್ಕು ವರ್ಷದ ಹಿಂದೆ ಕ್ಯಾಮೆರಾ ಬಂತು. ಧಾರವಾಡದ ಕಡೆಯ ಹೆಣ್ಣುಮಗಳು, ಆಟಗಾರರ ಮೈ ಶಾಖದ ಮೇಲೆ ಏನೋ ದೊಡ್ಡ ಓದು ಓದುತ್ತಿದ್ದರು. ಹಳ್ಳಿ ತಂಡಗಳೇ ಬೇಕೆಂದು ನಮ್ಮಲ್ಲಿಗೆ ಬಂದರು. ಹುಡುಗಿಯರು ಮೊದಲ ದಿನವೇ ಅವರಿಗೆ ಕ್ಯಾಮೆರಾ ಮೇಡಂ ಎಂದು ಹೆಸರಿಟ್ಟರು. ಆ ಕ್ಯಾಮೆರಾದಲ್ಲಿ ಮುಖ ಕಾಣುವುದಿಲ್ಲ, ಮೈಯ ಶಾಖ ಕಾಣುತ್ತದೆ. ತಣ್ಣಗಿದ್ದಲ್ಲಿ ನೀಲಿ, ಬೆಚ್ಚಗಿದ್ದಲ್ಲಿ ಹಳದಿ, ಕಾದಲ್ಲಿ ಕೆಂಪು. ಒಳಗೆ ಎಲುಬೋ ನರವೋ ಪೆಟ್ಟು ತಿನ್ನುತ್ತಿದ್ದರೆ ಅದರ ಮೇಲಿನ ತೊಗಲು ಮೊದಲೇ ಬಿಸಿಯಾಗುತ್ತದಂತೆ, ಊತ ಬರುವ ಮುಂಚೆಯೇ. "ಎರಡೂ ಕಾಲನ್ನ ಹೋಲಿಸಿ ನೋಡ್ತೀವಿ ಸರ್. ಒಂದೇ ಜಾಗದಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಹುಡುಗಿಗೆ ವಿಶ್ರಾಂತಿ" ಎಂದರು ಮೇಡಂ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ದ್ಯಾಮಕ್ಕ ಅಂದಳು, "ಅಯ್ಯ, ಇದು ನನ್ನ ಕೈನ ಐತಲ್ಲ!"

ಮೇಡಂ ಒಳ್ಳೆಯವರು, ನಕ್ಕು ಪಂದ್ಯಕ್ಕೆ ಕರೆದರು. ದ್ಯಾಮಕ್ಕ ಹನ್ನೆರಡು ಹುಡುಗಿಯರ ಕಾಲು ಮುಟ್ಟಿ ನೋಡಿ ಇಬ್ಬರನ್ನು ತೋರಿಸಿದಳು. ಆಮೇಲೆ ಫ್ಯಾನ್ ಆರಿಸಿ, ಹುಡುಗಿಯರನ್ನು ನೆರಳಲ್ಲಿ ಇಪ್ಪತ್ತು ನಿಮಿಷ ಬರಿಗಾಲಲ್ಲಿ ಕೂರಿಸಿ ಫೋಟೋ ತೆಗೆದರು. ಅದೇ ಇಬ್ಬರ ಒಂದೊಂದು ಮೊಣಕಾಲಿನಲ್ಲಿ ಕೆಂಪು. ಮೇಡಂ ದ್ಯಾಮಕ್ಕನ ಕೈ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. ಹುಡುಗಿಯರು ಚಪ್ಪಾಳೆ ಹೊಡೆದದ್ದೇ ಹೊಡೆದದ್ದು.

ಇನ್ನೊಂದು ಮಾತು. ಯಾರೋ ದಾನಿಗಳು ಕೊಟ್ಟ ಮಿರಮಿರ ಮಿಂಚುವ ಜೆರ್ಸಿಯನ್ನು ನಾನು ಮೆರೆಯುತ್ತ ತೊಡಿಸಿದ್ದೆ. ಕ್ಯಾಮೆರಾದಲ್ಲಿ ನೋಡಿದರೆ ಹುಡುಗಿಯರ ಬೆನ್ನು ಕಾದ ಹೆಂಚು! ಉಸಿರಾಡದ ಬಟ್ಟೆ, ಬೆವರು ಆರುವುದಿಲ್ಲ, ಅದಕ್ಕೇ ಎರಡನೇ ಸರದಿಯಲ್ಲಿ ಸುಸ್ತಾಗುತ್ತಾರೆ ಎಂದರು ಮೇಡಂ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದ ಹಾಗಾಯಿತು ನನ್ನ ದೌಲತ್ತು. ಹಳೇ ಹತ್ತಿಯ ಬನಿಯನ್ನಿಗೇ ಮರಳಿದೆವು. ಹೀಗೆ ಆ ಕ್ಯಾಮೆರಾ ಹೇಳಿದ್ದು ನಮ್ಮಲ್ಲಿ ವೇದವಾಯಿತು. ಅದನ್ನು ವೇದ ಮಾಡಿದವನು ನಾನೇ, ಅದಕ್ಕೆ ಸುಳ್ಳು ಹೇಳಿಸಿದವನೂ ನಾನೇ.

ಆಗ ತಂಡದಲ್ಲಿ ಯಶೋಧಾ ಇದ್ದಳು. ಇಟ್ಟಿಗಿ ಎಂಬ ಊರಿನ ಹುಡುಗಿ, ನಮ್ಮ ಹಾಸ್ಟೆಲಿನಲ್ಲಿದ್ದು ಹತ್ತನೇ ಇಯತ್ತೆ ಓದುತ್ತಿದ್ದಳು. ಒಣಕಲು ಮೈ, ಕಡ್ಡಿಯಂಥ ಕಾಲು, ಕಂಬಕ್ಕೆ ಕೈ ಕೊಟ್ಟು ತಿರುಗಿದಳೆಂದರೆ ಎದುರಿನವಳಿಗೆ ಇವಳು ಎತ್ತ ಹೋದಳೆಂದೇ ತಿಳಿಯುತ್ತಿರಲಿಲ್ಲ. ರಾಜ್ಯ ತಂಡಕ್ಕೆ ಆರಿಸುವವರು ಹರಪನಹಳ್ಳಿಯ ಪಂದ್ಯಕ್ಕೆ ಬರುತ್ತಾರೆ ಎಂದು ಗೊತ್ತಾದಾಗ ನನಗೆ ಊಟ ಸೇರಲಿಲ್ಲ. ಇಪ್ಪತ್ತು ದಿನ ಹೊತ್ತು ಮೂಡುವ ಮುಂಚೆ ಎಬ್ಬಿಸಿ ಗಟ್ಟಿ ನೆಲದ ಮೇಲೆ ಓಡಿಸಿದೆ.

ಪಂದ್ಯಕ್ಕೆ ನಾಲ್ಕು ದಿನ ಇರುವಾಗ ದ್ಯಾಮಕ್ಕ ನನ್ನನ್ನು ಬೇಲಿಯ ಹತ್ತಿರ ಕರೆದಳು.

"ಮಾಸ್ತರ, ಯಶೋಧಾನ ಬಲಗಾಲಿನ ಮುಂಗಾಲೆಲುಬು, ಮೊಣಕಾಲಿನ ಕೆಳಗ, ಸುಡತೈತಿ. ಒಂದ ಕಡಿಗೆ, ರೂಪಾಯಿ ಬಿಲ್ಲಿನಷ್ಟು. ಊತ ಇಲ್ಲ, ಏನಿಲ್ಲ. ಇದು ಚಲೋ ಅಲ್ರಿ. ಹಿಂಗ ಸುಟ್ಟ ಕುರಿ ಕಾಲು ಮುರಕೊಂಡದ್ದು ನೋಡೀನಿ ನಾನು. ಬಿಡ್ರಿ ಆಕಿನ್ನ."

"ಆತು ಬಿಡು, ನೋಡೋಣ" ಎಂದೆ. ನೋಡುವ ಮನಸ್ಸು ನನಗಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ, ಪಂದ್ಯದ ದಿನ ಬೆಳಿಗ್ಗೆ ಮೇಡಂ ಹರಪನಹಳ್ಳಿಗೇ ಬಂದು ಫೋಟೋ ತೆಗೆಯುತ್ತಾರೆ. ಬಲಗಾಲು ಕೆಂಪು, ಎಡಗಾಲು ಹಳದಿ ಬಂತೆಂದರೆ ಯಶೋಧಾ ಹೊರಗೆ. ಮೇಡಂ ಬಿಡುವವರಲ್ಲ.

ಮೂರು ದಿನ ಯೋಚಿಸಿದೆ. ಬಲಗಾಲನ್ನು ತಣ್ಣಗೆ ಮಾಡಿದರೆ? ತಣ್ಣೀರಿನ ಬಟ್ಟೆ ಹಾಕಿದರೆ ನೀಲಿ ಕಲೆ ಬಂದು ಸಿಕ್ಕಿಬೀಳುತ್ತೇನೆ. ಆಗ ಹೊಳೆಯಿತು ನೋಡಿ, ಹಾಳಾದ ಬುದ್ಧಿ! ಕ್ಯಾಮೆರಾ ನೋಡುವುದು ಎರಡು ಕಾಲಿನ ವ್ಯತ್ಯಾಸವನ್ನು. ಕಾದ ಕಾಲನ್ನು ಆರಿಸಬೇಕಾಗಿಲ್ಲ. ಆರಾಮಿದ್ದ ಕಾಲನ್ನು ಕಾಯಿಸಿದರೆ ಸಾಕು. ಎರಡೂ ಸಮ. ಇಪ್ಪತ್ತಾರು ವರ್ಷದ ಮಾಸ್ತರಿಕೆಯಲ್ಲಿ ನನಗೆ ಬಂದ ಒಂದೇ ಜಾಣತನ ಅದು.

ಹರಪನಹಳ್ಳಿಯಲ್ಲಿ ನಾವು ಇಳಿದುಕೊಂಡಿದ್ದ ಛತ್ರದಲ್ಲಿ, ಬೆಳಿಗ್ಗೆ ಆರೂವರೆಗೆ ದ್ಯಾಮಕ್ಕನನ್ನು ಅಡುಗೆ ಮನೆಗೆ ಕರೆದೆ. ಅವಳು ಯಾವತ್ತಿನ ಹಾಗೆ ಎಣ್ಣೆ ಬಾಟಲಿ ಹಿಡಿದು ತಂಡದ ಜೊತೆ ಬಂದಿದ್ದಳು.

"ದ್ಯಾಮಕ್ಕ, ಉಪ್ಪಿನ ಗಂಟು ಕಾಯಿಸಿ ಯಶೋಧಾನ ಎಡಗಾಲಿಗೆ ಕಾವು ಕೊಡು. ಮುಂಗಾಲೆಲುಬಿಗೆ. ಬಲಗಾಲು ಮುಟ್ಟಬ್ಯಾಡ. ಎಣ್ಣಿ ಹಚ್ಚಬ್ಯಾಡ."

ಅವಳು ನನ್ನ ಮುಖ ನೋಡಿದಳು. "ನೋವು ಬಲಗಾಲಿಗಲ್ರಿ? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತಲ್ಲ ಮಾಸ್ತರ!"

"ಮೇಡಂ ಹೇಳ್ಯಾರ. ಹೊಸ ಪದ್ಧತಿ. ಒಂದು ಕಾಲಿಗೆ ಕಾವು ಕೊಟ್ರ ಇನ್ನೊಂದಕ್ಕ ಆರಾಮ ಆಗತೈತಂತ. ನೀನ ಹೇಳ್ತೀಯಲ್ಲ, ಎರಡೂ ಕಾಲು ಜೋಡಿ ಅಂತ."

ಅವಳ ಮಾತನ್ನೇ ಅವಳಿಗೆ ತಿರುಗಿಸಿ ಕೊಟ್ಟೆ. ಮೇಡಂ ಎಂದ ಕೂಡಲೇ ಅವಳು ಮರುಮಾತಾಡಲಿಲ್ಲ. ತನ್ನ ಕೈಯನ್ನು ಹಿಡಿದು ನೋಡಿ ಮೆಚ್ಚಿದ್ದ ಮೇಡಂ ಅಲ್ಲವೇ. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟಳು. ನಾನು ಬಾಗಿಲಲ್ಲಿ ಕಾವಲು ನಿಂತಿದ್ದೆ.

ಏಳು ಗಂಟೆಗೆ ಮೇಡಂ ಬಂದರು. ಯಾವತ್ತಿನಂತೆ ಒಂದು ಹಾಳೆ ಕೊಟ್ಟರು. ಬೆಳಿಗ್ಗೆಯಿಂದ ಯಾರೂ ಎಣ್ಣೆ ಹಚ್ಚಿಲ್ಲ, ಮಾಲೀಶು ಮಾಡಿಲ್ಲ, ಕಾವು ಕೊಟ್ಟಿಲ್ಲ, ಓಡಿಲ್ಲ ಎಂದು ತರಬೇತುದಾರ ರುಜು ಹಾಕಬೇಕು. ಹಾಕಿದೆ. ಕೈ ನಡುಗಲೂ ಇಲ್ಲ, ಅದೇ ನನಗೆ ಇವತ್ತಿಗೂ ಅಸಹ್ಯ. ಯಶೋಧಾನ ಎರಡೂ ಕಾಲು ಪರದೆಯ ಮೇಲೆ ಒಂದೇ ಬಣ್ಣ ಬಂದವು. ಮೇಡಂ ಸ್ವಲ್ಪ ಹೊತ್ತು ಹುಬ್ಬು ಗಂಟು ಹಾಕಿಕೊಂಡು ನೋಡಿದರು. "ಎರಡೂ ಸ್ವಲ್ಪ ಬಿಸಿ ಇವೆ, ಆದರೆ ವ್ಯತ್ಯಾಸ ಇಲ್ಲ. ಆಡಲಿ" ಎಂದರು.

ಹುಡುಗಿ ಅಂಗಳಕ್ಕೆ ಇಳಿಯುವ ಮುಂಚೆ ನನ್ನ ಹತ್ತಿರ ಬಂದಳು. "ಸರ್, ಬಲಗಾಲು ಭಾಳ ನೋಯಾಕತ್ತೈತ್ರಿ. ನಾ ಇವತ್ತು ಓಡಂಗಿಲ್ರಿ ಸರ್."

"ಕ್ಯಾಮೆರಾದಾಗ ಏನೂ ಇಲ್ಲ ಅಂತ ಬಂದೈತಿ. ಮಷೀನು ಸುಳ್ಳು ಹೇಳತೈತೇನು? ನೋವು ನಿನ್ನ ಕಾಲಾಗಿಲ್ಲ, ತಲಿಯಾಗ ಐತಿ. ಹೆದರ್ಕೊಂಡಿ ನೀನು. ನಡಿ!"

ನಡೆದಳು. ಎರಡನೇ ಸರದಿಯಲ್ಲಿ ಕಂಬಕ್ಕೆ ಕೈ ಕೊಟ್ಟು ತಿರುಗಿದಳು. ಒಣ ತೊಗರಿ ಕಟ್ಟಿಗೆ ಮುರಿದ ಸಪ್ಪಳ ನನಗೆ ಅಂಗಳದ ಈ ತುದಿಗೆ ಕೇಳಿಸಿತು. ಮೊದಲು ಓಡಿ ಹೋದವಳು ದ್ಯಾಮಕ್ಕ. ನಾನು ಸೀಟಿ ಬಾಯಲ್ಲಿಟ್ಟುಕೊಂಡು ಹಾಗೇ ನಿಂತಿದ್ದೆ.

ದಾವಣಗೆರೆಗೆ ಕರೆದೊಯ್ದರು. ಕಾಲೊಳಗೆ ಉಕ್ಕಿನ ಪಟ್ಟಿ ಕೂರಿಸಿದರು. ಮರುದಿನ ಆಸ್ಪತ್ರೆಯ ವರಾಂಡದಲ್ಲಿ ನಾನು, ದ್ಯಾಮಕ್ಕ, ಇಟ್ಟಿಗಿಯಿಂದ ಓಡಿಬಂದಿದ್ದ ಯಶೋಧಾನ ತಾಯಿ ಮಂಜಮ್ಮ ಕೂತಿದ್ದೆವು. ಮೇಡಂ ಆ ಫೋಟೋ ಹಿಡಿದು ಬಂದರು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲವೆಂದು ಕಣ್ಣುಗಳೇ ಹೇಳುತ್ತಿದ್ದವು.

"ಸರ್, ಎಡಗಾಲಿನ ಬಿಸಿ ನೋಡಿ. ಗುಂಡಗೆ, ಅಂಚು ಕೊರೆದ ಹಾಗಿದೆ. ಮೈಯೊಳಗಿನ ಬಿಸಿ ಹೀಗೆ ಬರೋದಿಲ್ಲ. ಇದು ಯಾರೋ ಕಾವು ಕೊಟ್ಟ ಗುರುತು. ನಾನು ಆಗಲೇ ನೋಡಬೇಕಿತ್ತು. ಯಾರು ಕೊಟ್ಟಿದ್ದು?"

ದ್ಯಾಮಕ್ಕ ಮೇಡಂ ಮುಖ ನೋಡಿದಳು. ಆ ಹೆಣ್ಣುಮಗಳು ಯಾವ ಪದ್ಧತಿಯನ್ನೂ ಹೇಳಿರಲಿಲ್ಲ ಎಂದು ಅವಳಿಗೆ ಆ ಗಳಿಗೆಗೆ ಗೊತ್ತಾಯಿತು. ಆಮೇಲೆ ನನ್ನ ಕಡೆ ತಿರುಗಿದಳು. ಬೈಯಲಿಲ್ಲ, ಕಣ್ಣು ಕೆಕ್ಕರಿಸಲಿಲ್ಲ. ಸುಮ್ಮನೆ ನೋಡುತ್ತ ಕಾದಳು. ನಾನು ತಲೆ ಬಗ್ಗಿಸಿ ಸೀಟಿಯ ದಾರವನ್ನು ಬೆರಳಿಗೆ ಸುತ್ತಿದೆ, ಬಿಚ್ಚಿದೆ, ಸುತ್ತಿದೆ.

"ಕಾವು ಕೊಟ್ಟಾಕಿ ನಾನವ್ವ" ಎಂದಳು ದ್ಯಾಮಕ್ಕ.

ಮಂಜಮ್ಮ ಎದ್ದು ನಿಂತಳು. "ನನ್ನ ಮಗಳ ಕಾಲು ಮುರದ್ಯಲ್ಲೇ! ನಿನ್ನ ಕೈಗೆ ಹುಳ ಬೀಳಲಿ!" ಎಂದು ಎದೆ ಬಡಿದುಕೊಂಡು ಅತ್ತಳು. ದ್ಯಾಮಕ್ಕ ತನ್ನ ಎರಡೂ ಕೈಯನ್ನು ಸೆರಗಿನೊಳಗೆ ಹಾಕಿಕೊಂಡಳು. ಹಾಗೇ ಮೆಟ್ಟಿಲಿಳಿದು ಹೋದಳು. ನಾನು ಬಾಯಿ ತೆಗೆಯಲಿಲ್ಲ. ಥೂ, ನನ್ನ ಬಾಯಿಗೆ! ಹುಡುಗಿಯರನ್ನು ಬೈಯಲು ಊರು ಕೇಳುವಷ್ಟು ದೊಡ್ಡದಾಗುವ ಬಾಯಿ ಅದು.

ಮೂರು ವರ್ಷ ಹೀಗೇ ಕಳೆದವು. ದ್ಯಾಮಕ್ಕ ಬೇಲಿಯ ಸಂದಿಗೆ ಜಾಲಿ ಮುಳ್ಳು ತುಂಬಿದಳು. ನಾನು ಆ ಕಡೆಗೆ ಬೆನ್ನು ಹಾಕಿ ನಿಂತು ಆಟ ಆಡಿಸುವುದನ್ನು ರೂಢಿ ಮಾಡಿಕೊಂಡೆ. ಹೊಸ ಹುಡುಗಿಯರು ಯಾರಾದರೂ ಕುಂಟಿದರೆ, ಅವಳ ಹತ್ತಿರ ಮಾತ್ರ ಹೋಗಬೇಡ ಎಂದು ಹಳಬರು ಹೇಳುತ್ತಿದ್ದರು. ನಾನು ಕೇಳಿಸಿಕೊಂಡೂ ಕೇಳದವನಂತೆ ಇರುತ್ತಿದ್ದೆ. ಸುಮ್ಮನಿದ್ದೇನೆ ತಾನೆ, ಸುಳ್ಳು ಹೇಳಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಕಳೆದ ತಿಂಗಳು ಅದೂ ಹೋಯಿತು. ಹಗರಿಬೊಮ್ಮನಹಳ್ಳಿಯಲ್ಲಿ ದೈಹಿಕ ಶಿಕ್ಷಕರಿಗೆ ತರಬೇತಿ. ಐದು ತಾಲೂಕಿನವರು ಸೇರಿದ್ದೆವು. ಮೇಡಂ ಅವರ ಓದು ಮುಗಿದು ಪುಸ್ತಕವಾಗಿತ್ತು. ಅವರು ಬಂದಿರಲಿಲ್ಲ, ಪುಸ್ತಕದ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸುತ್ತಿದ್ದರು. ಒಂದು ಚಿತ್ರ ಬಂತು. ಎರಡು ಕಾಲು, ಎರಡೂ ಕೆಂಪು. ಹೆಸರಿರಲಿಲ್ಲ, ಆದರೆ ಆ ಕಡ್ಡಿಯಂಥ ಕಾಲು ನನಗೆ ಗೊತ್ತಾಗದೆ ಇರುತ್ತದೆಯೇ? ಕೆಳಗೆ ಬರೆದಿತ್ತು, ಹಳ್ಳಿಯ ಮಾಲೀಶಿನವಳು ಯಾರಿಗೂ ಹೇಳದೆ ಕಾವು ಕೊಟ್ಟಿದ್ದರಿಂದ ಅಪಾಯ ಮರೆಯಾದ ಪ್ರಕರಣ.

"ಇದು ಗುರುಬಸವರಾಜ ಅವರ ತಂಡದ್ದೇ. ಬನ್ನಿ ಸರ್, ನಾಲ್ಕು ಮಾತಾಡಿ" ಎಂದು ಕರೆದರು.

ಎದ್ದು ಹೋದೆ. ಇಂಥ ಅನಕ್ಷರಸ್ಥರನ್ನು ಆಟಗಾರರ ಹತ್ತಿರ ಬಿಡಬಾರದು ಎಂದು ಶುರು ಮಾಡಿದೆ. ಮಾತು ಸರಾಗವಾಗಿ ಬಂತು. ಆಗ ಹರಪನಹಳ್ಳಿ ಕಡೆಯ ಹುಲುಗೇಶ ಮಾಸ್ತರ ಕೈ ಎತ್ತಿದ. ನನ್ನ ಹಳೇ ಎದುರಾಳಿ, ಆದರೆ ಕೇಳಿದ್ದು ಸಹಜವಾಗಿಯೇ.

"ಅಲ್ಲಪ್ಪ, ಪೆಟ್ಟಾಗಿದ್ದು ಬಲಗಾಲಿಗೆ. ಆಯಮ್ಮ ಎಡಗಾಲಿಗೆ ಯಾಕೆ ಕಾವು ಕೊಟ್ಲು?"

ಮೂರು ವರ್ಷದಲ್ಲಿ ಯಾರೂ ಕೇಳಿರದಿದ್ದ ಪ್ರಶ್ನೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ನನ್ನ ಕೈ ತಾನಾಗಿ ಸೀಟಿಯ ದಾರಕ್ಕೆ ಹೋಯಿತು. ನಾನು ನಕ್ಕು ಅಂದೆ, "ಅಯ್ಯೋ, ಆ ಮುದುಕಿಗೆ ಎಡ ಯಾವುದು ಬಲ ಯಾವುದು ಅಂತ ಎಲ್ಲಿ ಗೊತ್ತಿತ್ತು ಮಾರಾಯ!"

ಇಡೀ ಕೊಠಡಿ ಗೊಳ್ಳೆಂದು ನಕ್ಕಿತು.

ಎಡಕ್ಕ ಬಲ ಸಾಕ್ಷಿ, ಬಲಕ್ಕ ಎಡ ಸಾಕ್ಷಿ ಎಂದು ನನಗೆ ಕಲಿಸಿದವಳ ಬಗ್ಗೆ ನಾನು ಆಡಿದ ಮಾತು ಅದು. ಊಟಕ್ಕೆ ನಿಲ್ಲದೆ ಬಸ್ ಹಿಡಿದೆ. ಜ್ವರ ನನ್ನದು, ಬರೆ ಅವಳಿಗೆ. ಮೂರು ವರ್ಷವಾದರೂ ಇನ್ನೂ ಎಳೆಯುತ್ತಲೇ ಇದ್ದೇನಲ್ಲ, ಆ ಬರೆಯನ್ನು! ಇಳಿದವನು ಮನೆಗೆ ಹೋಗಲಿಲ್ಲ, ಸೀದಾ ಹಟ್ಟಿಗೆ ಹೋದೆ.

ದ್ಯಾಮಕ್ಕ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಗೊರಸು ನೋಡುತ್ತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ.

"ಬರ್ರಿ ಮಾಸ್ತರ" ಎಂದಳು, ನಿನ್ನೆ ಸಂಜೆ ಹೋದವನು ಇವತ್ತು ಬಂದ ಹಾಗೆ.

ನಿಂತೇ ಹೇಳಿದೆ. ರುಜು ಹಾಕಿದ್ದು, ಮೇಡಂ ಹೆಸರಲ್ಲಿ ಸುಳ್ಳು ಹೇಳಿದ್ದು, ವರಾಂಡದಲ್ಲಿ ಸುಮ್ಮನಿದ್ದದ್ದು, ಬೆಳಿಗ್ಗೆ ಎಡಬಲದ ಮಾತಾಡಿ ನಗಿಸಿದ್ದು, ಎಲ್ಲ.

"ಗೊತ್ತೈತಿ" ಎಂದಳು.

"ಗೊತ್ತಿದ್ದೂ ಯಾಕ ಹೇಳಲಿಲ್ಲ ದ್ಯಾಮಕ್ಕ? ಮಾಸ್ತರನ ಹೇಳ್ಯಾನ ಅಂತ ಆವತ್ತ ಅನ್ನಬೇಕಿತ್ತು."

"ನಾ ಹೇಳಿದ್ರ ಚಾಡಿ ಆಕ್ಕೈತ್ರಿ. ಕುರಿ ಕಾಯೋ ಹೆಂಗಸಿನ ಮಾತು ಯಾರು ನಂಬ್ಯಾರು? ನೀವ ಹೇಳ್ತೀರಿ ಅಂತ ಕಾದೆ. ಇವತ್ತು ಹೇಳ್ತಾರ, ನಾಳಿ ಹೇಳ್ತಾರ ಅಂತ. ಮಾಸ್ತರು ಕೆಟ್ಟವರಲ್ಲ ಅಂತಿತ್ತು ನನ್ನ ಮನಸು."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅವಳ ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ನನ್ನ ಕಾಲು ಬ್ಯಾಡ ಬಿಡ್ರಿ. ನನಗ ಹೇಳಿ ಏನಾತು? ನನಗ ಗೊತ್ತಿದ್ದದ್ದ ನನಗ ಹೇಳಿದ್ರಿ. ಆ ಹುಡುಗಿಗೆ ಗೊತ್ತಿಲ್ಲ. ನಡ್ರಿ ಇಟ್ಟಿಗಿಗೆ."

"ನಾಳಿ..."

"ನಾಳಿ ಅನ್ನಬ್ಯಾಡ್ರಿ. ಮೂರು ವರ್ಷ ನಾಳಿ ಆಗೇತಿ." ಮರಿಯನ್ನು ಕೆಳಗಿಟ್ಟು, ಪಕ್ಕದ ಮನೆಯ ಸುಂಕಮ್ಮನಿಗೆ ಹಟ್ಟಿ ನೋಡಿಕೊಳ್ಳಲು ಕೂಗಿ ಹೇಳಿ, ಚಪ್ಪಲಿ ಮೆಟ್ಟಿಯೇ ಬಿಟ್ಟಳು.

ಎರಡು ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಅವಳು ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದಳು. ಆಸ್ಪತ್ರೆಯ ಮೆಟ್ಟಿಲಿಳಿದ ದಿನದಿಂದ ಮಂದಿಯ ನಡುವೆ ಆ ಕೈಯನ್ನು ಅವಳು ಹೊರಗೆ ತೆಗೆದಿಲ್ಲವೇನೋ ಅನ್ನಿಸಿತು ನನಗೆ. ಕೇಳುವ ಧೈರ್ಯ ಬರಲಿಲ್ಲ.

ಹೊತ್ತು ಇಳಿಯುವ ಸಮಯ. ಯಶೋಧಾ ಪಡಸಾಲೆಯಲ್ಲಿ ಕೂತು ಮಲ್ಲಿಗೆ ಮೊಗ್ಗು ಕಟ್ಟುತ್ತಿದ್ದಳು. ಎಡಗಾಲು ಮಡಚಿ, ಬಲಗಾಲು ಉದ್ದಕ್ಕೆ ಚಾಚಿದ್ದಳು. ನಮ್ಮನ್ನು ಕಂಡು ದಾರ ಕೈಯಲ್ಲೇ ನಿಂತಿತು. ಮಂಜಮ್ಮ ಒಳಗಿನಿಂದ ಬಂದವಳು ದ್ಯಾಮಕ್ಕನನ್ನು ನೋಡಿ, "ಈಕಿ ಯಾಕ ಬಂದ್ಲು ಇಲ್ಲಿಗೆ? ನಡಿ ಹೊರಗ!" ಎಂದು ಕೂಗಿದಳು.

"ಆಕಿನ್ನ ಬೈಯಬ್ಯಾಡವ್ವ, ನನ್ನ ಬೈ" ಎಂದೆ ನಾನು. ಹೊಸ್ತಿಲ ಹೊರಗೇ ನಿಂತು ಎರಡನೇ ಸಲ ಎಲ್ಲ ಹೇಳಿದೆ. ಈ ಸಲ ಇನ್ನೂ ಕಷ್ಟವಾಯಿತು, ಯಾಕೆಂದರೆ ಆ ಚಾಚಿದ ಕಾಲು ಎದುರಿಗೇ ಇತ್ತು.

ಮಂಜಮ್ಮ ಕಂಬ ಹಿಡಿದು ಕೆಳಗೆ ಕುಸಿದು ಕೂತಳು. ಯಶೋಧಾ ಮಾತ್ರ ಅಳಲಿಲ್ಲ. ಮೊಗ್ಗಿನ ಬುಟ್ಟಿ ಪಕ್ಕಕ್ಕೆ ಸರಿಸಿ ನನ್ನನ್ನೇ ನೋಡಿದಳು.

"ಸರ್, ಹಂಗಾದ್ರ ಆವತ್ತು ನನ್ನ ಕಾಲು ಖರೇನ ನೋಯ್ತಿತ್ತೇನ್ರಿ?"

"ಹೌದವ್ವ. ಖರೇನ ನೋಯ್ತಿತ್ತು. ನನಗ ಗೊತ್ತಿತ್ತು."

"ತಲಿಯಾಗ ಐತಿ ಅಂದಿದ್ರಿ." ಚಾಚಿದ ಕಾಲನ್ನು ಕೈಯಿಂದ ಸವರಿದಳು. "ಅವತ್ತಿಂದ ನನಗ ಎಲ್ಲಿ ನೋವಾದ್ರೂ, ಇದು ಖರೇ ನೋವೋ ನಾನ ನಾಟಕ ಮಾಡಾಕತ್ತೀನೋ ತಿಳಿಯಂಗಿಲ್ರಿ ಸರ್. ಕಾಲು ಈಗ್ಲೂ ನೋಯತೈತಿ. ಅವ್ವಗ ಹೇಳಿಲ್ಲ. ಡಾಕ್ಟ್ರಿಗೂ ಹೇಳಿಲ್ಲ. ಮಷೀನಿನ್ಯಾಗ ಏನೂ ಇಲ್ಲ ಅಂತಾರ ಅಂತ ಸುಮ್ಮಕದೀನಿ."

ಕಾಲು ಮುರಿದದ್ದು ಮಾತ್ರ ನನ್ನ ಪಾಪ ಎಂದು ನಾನು ತಿಳಿದಿದ್ದೆ. ಅದಕ್ಕಿಂತ ಒಳಗೆ ಇನ್ನೇನನ್ನೋ ಮುರಿದಿದ್ದೆ, ಅದಕ್ಕೆ ಪಟ್ಟಿ ಕೂರಿಸುವ ಡಾಕ್ಟರು ಯಾವ ಊರಲ್ಲೂ ಇಲ್ಲ.

ಯಶೋಧಾ ನನ್ನ ಕಡೆಯಿಂದ ಮುಖ ತಿರುಗಿಸಿದಳು. ಮಡಚಿದ್ದ ಎಡಗಾಲನ್ನೂ ಬಿಡಿಸಿ, ಎರಡೂ ಕಾಲನ್ನು ದ್ಯಾಮಕ್ಕನ ಕಡೆ ಚಾಚಿದಳು, ಬೇಲಿಯ ಬುಡದಲ್ಲಿ ಕೂರುತ್ತಿದ್ದಾಗಿನ ಹಾಗೆ.

ದ್ಯಾಮಕ್ಕ ಮಂಜಮ್ಮನನ್ನು ನೋಡಿದಳು. ಮಂಜಮ್ಮ ಸ್ವಲ್ಪ ಸರಿದು ಜಾಗ ಬಿಟ್ಟಳು. ದ್ಯಾಮಕ್ಕ ಹತ್ತಿರ ಕೂತು ಸೆರಗಿನಿಂದ ಕೈ ತೆಗೆದಳು. ಕೈ ಮಗುಚಿ, ಹಿಂಬದಿಯನ್ನು ಎಡಗಾಲಿನ ಎಲುಬಿಗೆ ಇಟ್ಟಳು. ಆಮೇಲೆ ಬಲಗಾಲಿಗೆ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ.

"ಬೆಚ್ಚಗೈತಿ ಬಲಗಾಲು. ಪಟ್ಟಿ ಹಾಕಿದ್ದಕ್ಕಿಂತ ಸ್ವಲ್ಪ ಕೆಳಗ. ಇಲ್ಲೇನವ್ವ?"

"ಹ್ಞೂಂ, ಅಲ್ಲೇ."

"ಖರೇ ನೋವು ಐತಿ ಮಗಳ. ನೀ ಸುಳ್ಳು ಹೇಳಿಲ್ಲ. ನಾಳಿಕ ಡಾಕ್ಟರಿಗೆ ತೋರಸೂಣು, ನಾನ ಬರ್ತೀನಿ ಸಂಗಾಟ."

ಆಗ ಹುಡುಗಿಗೆ ಅಳು ಬಂತು. ದ್ಯಾಮಕ್ಕನ ಹೆಗಲಿಗೆ ಮುಖ ಒತ್ತಿ ಅತ್ತಳು. ಮಂಜಮ್ಮ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ದ್ಯಾಮಕ್ಕನ ಮುಂದೆ ಇಟ್ಟಳು. ನಾನು ಹೊಸ್ತಿಲ ಹೊರಗೆ ಚಪ್ಪಲಿಯ ಪಕ್ಕ ನಿಂತೇ ಇದ್ದೆ. ನನಗೆ ಯಾರೂ ಕೂತ್ಕೊಳ್ರಿ ಎನ್ನಲಿಲ್ಲ.